ಕೊಡಚಾದ್ರಿ ಹುಲ್ಲಿನ ಅಗಲ ಬಾಲದ ಹಕ್ಕಿ: ಗುರುತು ಹಿಡಿಯೋದು ಹೇಗೆ, ದಾಖಲಿಸೋದು ಹೇಗೆ?

ಪ್ರಶ್ನೆ: ನಮ್ಮ ಮನೆ ಹೊಸನಗರ ತಾಲ್ಲೂಕಿನ ನಿಟ್ಟೂರಿನ ಹತ್ತಿರ. ಜುಲೈನಲ್ಲಿ ಮಳೆ ಸ್ವಲ್ಪ ಹೊಳವಾದ ದಿನ ಮನೆಯವರೆಲ್ಲ ಕೊಡಚಾದ್ರಿಗೆ ಹೋಗಿದ್ದೆವು. ಮೇಲಿನ ಹುಲ್ಲುಗುಡ್ಡದಲ್ಲಿ ಒಂದು ಕಂದು ಹಕ್ಕಿ ಹುಲ್ಲಿನ ಒಳಗಿಂದ ಎದ್ದು, ಹಾಡುತ್ತಾ ಮೇಲಕ್ಕೆ ಹಾರಿ, ಬಾಲ ಬಿಚ್ಚಿಕೊಂಡು ನಿಧಾನವಾಗಿ ಇಳಿದು ಒಂದು ಹುಲ್ಲುಕಡ್ಡಿಯ ತುದಿಯಲ್ಲಿ ಕೂತಿತು. ಬಾಲ ತುಂಬಾ ಅಗಲ. ಪುಸ್ತಕ ನೋಡಿದರೆ ಬ್ರಾಡ್-ಟೇಲ್ಡ್ ಗ್ರಾಸ್‌ಬರ್ಡ್ ಅನ್ನಿಸುತ್ತದೆ. ನಮ್ಮ ಭಾವ ಮಾತ್ರ ‘ಅದು ಬರೀ ನೆಲಗುಬ್ಬಿ’ ಅಂತಾರೆ. ಮೂರು ಫೋಟೋ ಇವೆ, ಎಲ್ಲಾ ಮಸುಕು. ಫೋನಿನಲ್ಲಿ ತೆಗೆದ ಸಣ್ಣ ವಿಡಿಯೋ ಇದೆ, ಅದರಲ್ಲಿ ಗಾಳಿ ಸದ್ದೇ ಜಾಸ್ತಿ, ಕೆಲಸಕ್ಕೆ ಬರುವುದಿಲ್ಲ. ಇಷ್ಟರಲ್ಲಿ ಇದನ್ನು ದಾಖಲೆ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು. ನೀವು ಬರೆದಿರುವುದನ್ನು ನೋಡಿದರೆ ಅದು ಬ್ರಾಡ್-ಟೇಲ್ಡ್ ಗ್ರಾಸ್‌ಬರ್ಡ್ ಆಗಿರುವ ಸಾಧ್ಯತೆ ತುಂಬಾ ಇದೆ. ಆದರೆ ‘ಹೌದು, ಅದೇ’ ಅಂತ ಮುದ್ರೆ ಒತ್ತುವುದಕ್ಕೆ ಇನ್ನೊಂದು ಸಾಕ್ಷಿ ಬೇಕು. ನನಗನ್ನಿಸುವಂತೆ ಆ ಸಾಕ್ಷಿ ನಿಮ್ಮ ಫೋನಿನಲ್ಲೇ ಇದೆ. ನೀವು ಕೆಲಸಕ್ಕೆ ಬಾರದ್ದು ಅಂದ ಆ ವಿಡಿಯೋ. ದಯವಿಟ್ಟು ಅಳಿಸಬೇಡಿ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಕ್ಕಿಯ ಬಗ್ಗೆ ಎರಡು ಮಾತು. ಇದು ಪಶ್ಚಿಮ ಘಟ್ಟದ್ದೇ ಹಕ್ಕಿ. ವೈಜ್ಞಾನಿಕ ಹೆಸರು ಸ್ಕೀನಿಕೋಲಾ ಪ್ಲಾಟಿಯುರಸ್. ಮದ್ರಾಸ್ ಸೇನೆಯಲ್ಲಿ ವೈದ್ಯರಾಗಿದ್ದ ಥಾಮಸ್ ಜೆರ್ಡನ್ 1840ರ ದಶಕದಲ್ಲಿ ಇದನ್ನು ಮೊದಲ ಸಲ ವಿವರಿಸಿದರು. ಮಹಾರಾಷ್ಟ್ರದ ಘಟ್ಟದಿಂದ ಕೇರಳದ ತನಕ, ಗುಡ್ಡದ ಮೇಲಿನ ಎತ್ತರದ ಹುಲ್ಲಿನಲ್ಲಿ ಅಲ್ಲಲ್ಲಿ ಇದೆ. ನಮ್ಮ ಕಡೆ ಕುದುರೆಮುಖ, ಬಾಬಾಬುಡನ್‌ಗಿರಿ ಸಾಲಿನಲ್ಲಿ ನೋಡಿದವರಿದ್ದಾರೆ. ಕೊಡಚಾದ್ರಿಯ ಎತ್ತರ 1343 ಮೀಟರ್. ಮೇಲೆ ಹುಲ್ಲು, ಕಣಿವೆಗಳಲ್ಲಿ ಕಾಡು. ಈ ಹಕ್ಕಿಗೆ ಹೇಳಿ ಮಾಡಿಸಿದ ಜಾಗ.

ಇದನ್ನು ಅಪರೂಪದ ಹಕ್ಕಿ ಅನ್ನುತ್ತಾರೆ, ಅದರಲ್ಲಿ ನಮ್ಮ ಪಾಲೂ ಸ್ವಲ್ಪ ಇದೆ. ಈ ಹಕ್ಕಿ ಮರಿ ಮಾಡುವುದು ಮಳೆಗಾಲದಲ್ಲಿ. ಗಂಡು ಹುಲ್ಲಿನ ಮೇಲೆ ಹಾರಿ ಹಾಡುವುದೂ ಆಗಲೇ. ಉಳಿದ ಕಾಲದಲ್ಲಿ ಹುಲ್ಲಿನ ಬುಡದಲ್ಲಿ ಇಲಿಯ ಹಾಗೆ ಓಡಾಡಿಕೊಂಡಿರುತ್ತದೆ. ನಾವು ತೀರಾ ಹತ್ತಿರ ಹೋದರೆ ಪುರ್ ಅಂತ ಹಾರಿ, ನಾಲ್ಕು ಮಾರು ದೂರದಲ್ಲಿ ಮತ್ತೆ ಹುಲ್ಲಿಗೆ ಬಿದ್ದರೆ ಮುಗಿಯಿತು. ಆರಿದ್ರಾ, ಪುನರ್ವಸು ಮಳೆ ಜಡಿಯುವಾಗ ಉಂಬಳ ಕಚ್ಚಿಸಿಕೊಂಡು ಗುಡ್ಡ ಹತ್ತುವವರು ಯಾರು ಹೇಳಿ? ಹಕ್ಕಿ ನೋಡುವವರು ಮಲೆನಾಡಿಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಇದು ಬಾಯಿ ಬಿಡುವುದಿಲ್ಲ. ನೀವು ಸರಿಯಾದ ಜಾಗಕ್ಕೆ ಸರಿಯಾದ ತಿಂಗಳಲ್ಲಿ ಹೋಗಿದ್ದೀರಿ. ಗುರುತಿನಲ್ಲಿ ಅರ್ಧ ಕೆಲಸ ಅಲ್ಲೇ ಆಗಿದೆ.

ಈಗ ನಿಮ್ಮ ಭಾವನ ಮಾತು. ಅದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಮಲಬಾರ್ ನೆಲಗುಬ್ಬಿಯೂ ಕೊಡಚಾದ್ರಿಯಂಥ ಗುಡ್ಡದಲ್ಲಿ ಇರುವ ಹಕ್ಕಿ, ಅದೂ ಹಾರುತ್ತಾ ಹಾಡುತ್ತದೆ. ಆದರೆ ಅದಕ್ಕೆ ತಲೆಯ ಮೇಲೆ ಜುಟ್ಟು ಇದೆ. ಎದೆಯ ಮೇಲೆ, ಬೆನ್ನ ಮೇಲೆ ಕಪ್ಪು ಗೀರುಗಳಿವೆ. ಬಾಲ ಮೋಟು. ಹೆಚ್ಚಿನ ಹೊತ್ತು ನೆಲದ ಮೇಲೆ ನಡೆದಾಡಿಕೊಂಡಿರುತ್ತದೆ. ಕಲ್ಲಿನ ಮೇಲೆ, ಮಟ್ಟಿಯ ಮೇಲೆ ಕೂರುವುದೂ ಉಂಟು. ಆದರೆ ಗಾಳಿಗೆ ತೂಗುವ ಹುಲ್ಲುಕಡ್ಡಿಯನ್ನು ಹಿಡಿದು ಕೂರುವುದು ನೆಲಗುಬ್ಬಿಯ ರೂಢಿ ಅಲ್ಲ. ಅದರ ಕಾಲು ನಡೆಯುವುದಕ್ಕೆ ಇರುವಂಥದ್ದು, ಹಿಂದಿನ ಬೆರಳಿನ ಉಗುರು ಉದ್ದ, ನೆಟ್ಟಗೆ. ಹಾಗಾಗಿ ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಬಾಲದ ಮಾತನ್ನಲ್ಲ, ‘ಹುಲ್ಲುಕಡ್ಡಿಯ ತುದಿಯಲ್ಲಿ ಕೂತಿತು’ ಅನ್ನುವುದನ್ನು. ಬಯಲಿನ ಪಿಪಿಟ್ ಅನ್ನುವ ಹಕ್ಕಿ ಕೂಡ ಇದೇ ರೀತಿ ಹಾರಿ ಇಳಿಯುತ್ತದೆ. ಅದರ ಬಾಲದ ಎರಡೂ ಅಂಚು ಬಿಳಿ, ಹಾರುವಾಗ ಎದ್ದು ಕಾಣುತ್ತದೆ. ನಿಮಗೆ ಬಿಳಿ ಅಂಚು ಕಾಣಲಿಲ್ಲ ಅಂತಾದರೆ ಅದನ್ನೂ ಬರೆದಿಡಿ. ಏನು ಕಾಣಲಿಲ್ಲ ಅನ್ನುವುದೂ ಸಾಕ್ಷಿಯೇ.

ನಿಜವಾಗಿ ಮೋಸ ಮಾಡುವುದು ಸಿಸ್ಟಿಕೋಲಾ ಅನ್ನುವ ಹುಲ್ಲಿನ ಹಕ್ಕಿಗಳು. ಎರಡು ಜಾತಿ ಇವೆ. ಒಂದು ಝಿಟಿಂಗ್ ಸಿಸ್ಟಿಕೋಲಾ. ಗದ್ದೆ ಬಯಲಿನಲ್ಲೂ ಸಿಗುತ್ತದೆ. ‘ಝಿಟ್ ಝಿಟ್ ಝಿಟ್’ ಅಂತ ಒಂದೇ ಸಮ ಕೂಗುತ್ತಾ ಏರಿಳಿಯುತ್ತಾ ಹಾರುತ್ತದೆ, ಬಾಲವನ್ನೂ ಬಿಚ್ಚುತ್ತದೆ. ಇನ್ನೊಂದು ಗೋಲ್ಡನ್-ಹೆಡೆಡ್ ಸಿಸ್ಟಿಕೋಲಾ. ಗುಡ್ಡದ ಹುಲ್ಲಿನ ಹಕ್ಕಿ. ಮಳೆಗಾಲದಲ್ಲಿ ಗಂಡಿನ ತಲೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಎರಡೂ ತೀರಾ ಪುಟ್ಟವು, ಗುಬ್ಬಚ್ಚಿಗಿಂತ ಎಷ್ಟೋ ಚಿಕ್ಕವು, ಹತ್ತು ಸೆಂಟಿಮೀಟರ್ ಆಸುಪಾಸು. ಗ್ರಾಸ್‌ಬರ್ಡ್ ಸುಮಾರು 18 ಸೆಂಟಿಮೀಟರ್, ಗುಬ್ಬಚ್ಚಿಗಿಂತ ದೊಡ್ಡದು, ಪಿಕಳಾರಕ್ಕಿಂತ ಚೂರು ಚಿಕ್ಕದು. ಕೇಳಿದರೆ ಇಷ್ಟು ಅಂತರ ಸಾಕಲ್ವಾ ಅನ್ನಿಸುತ್ತದೆ. ಆದರೆ ಮಂಜು ಮುಸುಕಿದ ಗುಡ್ಡದಲ್ಲಿ ಅಳತೆ ಯಾರ ಕಣ್ಣಿಗೂ ಸರಿಯಾಗಿ ಸಿಗುವುದಿಲ್ಲ. ಹಿಂದೆ ಮರವಿಲ್ಲ, ಮನೆಯಿಲ್ಲ, ಹೋಲಿಸುವುದಕ್ಕೆ ಏನೂ ಇಲ್ಲ. ಅಂಥ ಕಡೆ ಹಕ್ಕಿ ಕೂತಾಗ ಕಡ್ಡಿ ಎಷ್ಟು ಬಾಗಿತು ನೋಡಿ. ಸಿಸ್ಟಿಕೋಲಾ ಕೂತರೆ ಕಡ್ಡಿಗೆ ಅದರ ಭಾರ ಗೊತ್ತೇ ಆಗುವುದಿಲ್ಲ. ಗ್ರಾಸ್‌ಬರ್ಡ್ ಕೂತರೆ ಕಡ್ಡಿ ತೂಗುತ್ತದೆ. ನಿಮ್ಮ ಮೂರು ಫೋಟೋಗಳಲ್ಲಿ ಕಡ್ಡಿ ಕಾಣುತ್ತಿದ್ದರೆ ಹಕ್ಕಿಯ ಕಡೆ ಆಮೇಲೆ ನೋಡಿ, ಮೊದಲು ಕಡ್ಡಿಯ ಕಡೆ ನೋಡಿ.

ಪ್ರಿನಿಯಾ ಅನ್ನುವ ಸಣ್ಣ ಹಕ್ಕಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವುಗಳ ಬಾಲ ಉದ್ದ, ಸಪೂರ. ಸದಾ ಅಲ್ಲಾಡಿಸುತ್ತಿರುತ್ತವೆ. ಇಷ್ಟು ಎತ್ತರಕ್ಕೆ ಹಾರಿ ಹಾಡುವವಲ್ಲ. ಬ್ರಿಸಲ್ಡ್ ಗ್ರಾಸ್‌ಬರ್ಡ್ ಅಂತ ಹತ್ತಿರದ ನೆಂಟ ಒಂದಿದೆ. ಅದು ಮಳೆಗಾಲದಲ್ಲಿ ಉತ್ತರ ಭಾರತದ ಬಯಲಿನಲ್ಲಿ ಮರಿ ಮಾಡುವ ಹಕ್ಕಿ, ಬೆನ್ನ ತುಂಬ ದಪ್ಪ ಗೀರುಗಳು. ನಮ್ಮ ಹಕ್ಕಿಯ ಬೆನ್ನು ಸಾದಾ ಕೆಂಗಂದು, ಗೀರಿಲ್ಲ. ಚಳಿಗಾಲದಲ್ಲಿ ವಲಸೆ ಬರುವ ಕಂದು ವಾರ್ಬ್ಲರ್‌ಗಳನ್ನು ಜುಲೈ ತಿಂಗಳೇ ಹೊರಗಿಡುತ್ತದೆ.

ಬೆನ್ನಲ್ಲಿ ಗೀರಿಲ್ಲ ಅಂದೆ. ಇಲ್ಲೇ ಮಲೆನಾಡಿನ ಮಳೆ ಒಂದು ಆಟ ಆಡುತ್ತದೆ, ಪುಸ್ತಕದ ಚಿತ್ರಗಳಲ್ಲಿ ಇದು ಇರುವುದಿಲ್ಲ. ಹಕ್ಕಿ ನೆನೆದರೆ ಗರಿಗಳು ಒಂದಕ್ಕೊಂದು ಅಂಟಿಕೊಂಡು ಎಳೆಎಳೆಯಾಗುತ್ತವೆ. ನಡುವೆ ಒಳಗಿನ ಕಪ್ಪು ಕಾಣುತ್ತದೆ. ದೂರದಿಂದ ನೋಡಿದರೆ ಸಾದಾ ಬೆನ್ನೂ ಗೀರುಗೀರಾಗಿ ಕಾಣುತ್ತದೆ. ಕಂದು ಬಣ್ಣ ಒಂದೆರಡು ಛಾಯೆ ಕಪ್ಪಾಗುತ್ತದೆ. ಕಣ್ಣಿನ ಮೇಲಿನ ತಿಳಿ ಹುಬ್ಬು, ಇದೂ ಈ ಹಕ್ಕಿಯ ಗುರುತು, ಮಾಸಿ ಹೋಗುತ್ತದೆ. ಬಾಲವೂ ಅಷ್ಟೆ. ಒದ್ದೆ ಬಾಲ ಮುದುಡಿ ಸಪೂರ ಕಾಣುತ್ತದೆ, ಮೈ ಕೊಡವಿಕೊಂಡ ಮೇಲೆ ಅದೇ ಬಾಲ ಮತ್ತೆ ಅಗಲ. ಹಾಗಾಗಿ ಮಳೆಗಾಲದ ಹಕ್ಕಿಯ ವಿವರ ಬರೆಯುವಾಗ ‘ಒಣಗಿತ್ತು’ ಅಥವಾ ‘ನೆನೆದಿತ್ತು’ ಅಂತ ಒಂದು ಪದ ಸೇರಿಸಿ. ಆ ಒಂದು ಪದ ಇಲ್ಲದೆ ಪರಿಶೀಲಿಸುವವರು ತಲೆ ಕೆರೆದುಕೊಳ್ಳುವುದನ್ನು ನೋಡಿದ್ದೇನೆ.

ಬಾಲದ ವಿಷಯಕ್ಕೆ ಬಂದರೆ, ‘ಅಗಲ’ ಅನ್ನುವುದು ಒಂದೇ ಸಾಲದು. ಯಾವ ಹಕ್ಕಿ ಬಾಲ ಬಿಚ್ಚಿದರೂ ಅಗಲವೇ. ಗ್ರಾಸ್‌ಬರ್ಡ್ ಬಾಲದಲ್ಲಿ ನಡುವಿನ ಗರಿ ಎಲ್ಲಕ್ಕಿಂತ ಉದ್ದ, ಪಕ್ಕದವು ಮೆಟ್ಟಿಲು ಮೆಟ್ಟಿಲಾಗಿ ಗಿಡ್ಡ. ಹಾಗಾಗಿ ಬಿಚ್ಚಿದಾಗ ತುದಿ ಗುಂಡಗೆ ಕಾಣುತ್ತದೆ. ಕೆಳಗಿಂದ ನೋಡಿದರೆ ಬಾಲ ಕಪ್ಪುಗಂದು, ಗರಿಗಳ ತುದಿ ತಿಳಿ. ನೀವು ಕೆಳಗೆ ನಿಂತು ಮೇಲೆ ಹಾರುವ ಹಕ್ಕಿಯನ್ನು ನೋಡಿದ್ದೀರಿ, ಅಂದರೆ ನಿಮಗೆ ಕಂಡಿರುವುದು ಬಾಲದ ಈ ಕೆಳಭಾಗವೇ. ಮೇಲ್ಭಾಗದಲ್ಲಿ ತೀರಾ ಸಣ್ಣ ಅಡ್ಡಗೆರೆಗಳಿವೆ, ಒಳ್ಳೆ ಬೆಳಕು ಇಲ್ಲದೆ ಕಾಣುವುದಿಲ್ಲ. ಕಾಣಲಿಲ್ಲ ಅಂತ ಬೇಜಾರು ಬೇಡ. ಝಿಟಿಂಗ್ ಸಿಸ್ಟಿಕೋಲಾದ ಬಾಲ ಇದಕ್ಕೆ ಹೋಲಿಸಿದರೆ ತುಂಡು, ತುದಿಯಲ್ಲಿ ಸ್ಪಷ್ಟ ಬಿಳಿ, ಅದರ ಹಿಂದೆಯೇ ಕಪ್ಪು ಪಟ್ಟಿ.

ನಿಮ್ಮ ಮಸುಕು ಫೋಟೋಗಳನ್ನು ದಯವಿಟ್ಟು ಯಾವ ಆ್ಯಪಿನಲ್ಲೂ ‘ಚಂದ’ ಮಾಡಬೇಡಿ. ಈಗ ಎಐ ಬಳಸಿ ಮಸುಕು ಚಿತ್ರವನ್ನು ಚೂಪು ಮಾಡಿ ಕೊಡುವ ಆ್ಯಪುಗಳು ಬೇಕಾದಷ್ಟಿವೆ. ಅವು ಇಲ್ಲದ ಗರಿಯನ್ನು ಬರೆದು ಕೊಡುತ್ತವೆ. ಗೀರಿಲ್ಲದ ಬೆನ್ನಿಗೆ ಗೀರು ಬರುತ್ತದೆ, ಇಲ್ಲದ ಹುಬ್ಬು ಬರುತ್ತದೆ. ಅಂಥ ಫೋಟೋವನ್ನು ಸಾಕ್ಷಿ ಅಂತ ಕೊಟ್ಟರೆ ನಿಮ್ಮ ನಿಜವಾದ ನೋಟದ ಮೇಲೂ ಅನುಮಾನ ಬರುತ್ತದೆ. ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ. ಅದರಲ್ಲಿ ದಿನ, ಸಮಯ ತಾನಾಗಿ ಉಳಿದಿರುತ್ತದೆ. ಕತ್ತರಿಸಬೇಕಾದರೆ ಒಂದು ಪ್ರತಿಯನ್ನು ಕತ್ತರಿಸಿ. ಬಿಳಿ ಆಕಾಶದ ಎದುರು ಹಕ್ಕಿ ಕರೀ ನೆರಳಾಗಿದ್ದರೆ ಬೆಳಕು ಸ್ವಲ್ಪ ಏರಿಸಬಹುದು, ಅದಕ್ಕಿಂತ ಮುಂದೆ ಹೋಗಬೇಡಿ. ಮಸುಕಾದರೂ ಬಾಲದ ಆಕಾರ, ಮೈಯ ಅಂದಾಜು, ಕೂತ ಭಂಗಿ ಇಷ್ಟು ಸಿಕ್ಕರೆ ಅದು ಒಳ್ಳೆ ಫೋಟೋವೇ.

ಈಗ ವಿಡಿಯೋ. ಗಾಳಿಯ ಸದ್ದು ಕಿವಿಗೆ ದೊಡ್ಡದಾಗಿ ಕೇಳಿದರೂ ಅದು ಇರುವುದು ತಗ್ಗಿನ ಸ್ವರದಲ್ಲಿ. ಈ ಹಕ್ಕಿಯ ಹಾಡು ತೆಳುವಾದ, ಮೇಲಿನ ಸ್ವರದ ಕಂಪಿಸುವ ಉಲಿ. ಎರಡೂ ಒಂದೇ ಫೈಲಿನಲ್ಲಿದ್ದರೂ ಒಂದರ ಮೇಲೊಂದು ಬಿದ್ದಿರುವುದಿಲ್ಲ. ಧ್ವನಿಯನ್ನು ಚಿತ್ರ ಮಾಡಿ ತೋರಿಸುವ ಸ್ಪೆಕ್ಟ್ರೋಗ್ರಾಂ ಅಂತ ಇದೆ. ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ವಿಡಿಯೋದಿಂದ ಬೇರೆ ಮಾಡಿದ ಧ್ವನಿಯನ್ನು ತೆರೆದು, ಸ್ಪೆಕ್ಟ್ರೋಗ್ರಾಂ ನೋಟಕ್ಕೆ ಬದಲಾಯಿಸಿ. ಕೆಳಗಡೆ ಗಾಳಿ ದಟ್ಟ ಮಸಿಯಾಗಿ ಕಾಣುತ್ತದೆ. ಅದರ ಮೇಲೆ ಖಾಲಿ ಜಾಗದಲ್ಲಿ ಸಾಲಾಗಿ ಸಣ್ಣ ಗೆರೆಗಳು ಕಂಡರೆ ಅದೇ ನಿಮ್ಮ ಹಕ್ಕಿ. ಝೀನೋ-ಕ್ಯಾಂಟೋ ಅನ್ನುವ ಜಾಲತಾಣದಲ್ಲಿ ಜನ ಹಾಕಿರುವ ಧ್ವನಿಗಳಿವೆ, ಗೆರೆಗಳ ಚಿತ್ರದ ಸಮೇತ. ಪಕ್ಕದಲ್ಲಿಟ್ಟು ಹೋಲಿಸಿ. ಸಿಸ್ಟಿಕೋಲಾದ ‘ಝಿಟ್’ ಒಂದೊಂದೇ ಬಿಡಿಬಿಡಿಯಾಗಿ, ಸಮ ಅಂತರದಲ್ಲಿ ಬೀಳುತ್ತದೆ. ಇದು ಹಾಗಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ. ಗದ್ದಲ ತೆಗೆಯುವ ಬಟನ್ ಮಾತ್ರ ಒತ್ತಬೇಡಿ. ಅದು ಗಾಳಿಯ ಜೊತೆ ಹಕ್ಕಿಯನ್ನೂ ತೆಗೆಯುತ್ತದೆ.

ಧ್ವನಿ ಕೇಳಿ ಹಕ್ಕಿಯ ಹೆಸರು ತೋರಿಸುವ ಮೆರ್ಲಿನ್ ಆ್ಯಪ್ ಬಳಸುವವರಿಗೆ ಒಂದು ಮಾತು. ‘ಮೆರ್ಲಿನ್ ಈ ಹೆಸರು ತೋರಿಸಿತು’ ಅನ್ನುವುದು ಸಾಕ್ಷಿ ಅಲ್ಲ. ಆದರೆ ಆ ಹೊತ್ತಿನಲ್ಲಿ ಅದು ಉಳಿಸಿಟ್ಟುಕೊಂಡ ಧ್ವನಿ ಸಾಕ್ಷಿ. ಹೆಸರನ್ನು ಬಿಡಿ, ಫೈಲನ್ನು ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ಬರೆಯುವ ಕೆಲಸ. ನನ್ನ ಮಟ್ಟಿಗೆ ಫೋಟೋಗಿಂತ ಇದೇ ಮುಖ್ಯ, ಆದರೆ ಜನ ಇದನ್ನೇ ಬಿಡುತ್ತಾರೆ. ಹೆಚ್ಚಿನವರು ಬರೆಯುವುದು ಹೀಗೆ: ‘ಬ್ರಾಡ್-ಟೇಲ್ಡ್ ಗ್ರಾಸ್‌ಬರ್ಡ್. ಪಕ್ಕಾ. ಬಾಲ ಅಗಲ ಇತ್ತು.’ ಇದರಲ್ಲಿ ತೀರ್ಪು ಇದೆ, ಕಂಡದ್ದು ಏನೂ ಇಲ್ಲ. ಬೇರೆಯವರು ಇದನ್ನು ಓದಿ ಏನನ್ನೂ ಪರೀಕ್ಷಿಸಲಾಗದು. ಹೀಗೆ ಬರೆದು ನೋಡಿ: ‘ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಮಳೆ ನಿಂತಿತ್ತು, ಮಂಜು ಬಂದು ಹೋಗುತ್ತಿತ್ತು. ಬೈನಾಕ್ಯುಲರ್ ಇರಲಿಲ್ಲ. ಸುಮಾರು ಮೂವತ್ತು ಹೆಜ್ಜೆ ದೂರ. ಸೊಂಟದೆತ್ತರದ ಹುಲ್ಲಿನಿಂದ ಎದ್ದಿತು, ಹಾರುತ್ತಲೇ ಹಾಡಿತು, ಬಾಲ ಬಿಚ್ಚಿ ಇಳಿದು ಕಡ್ಡಿಯ ಮೇಲೆ ಕೂತಿತು, ಕಡ್ಡಿ ಬಾಗಿತು. ಬೆನ್ನು ಸಾದಾ ಕೆಂಗಂದು, ಮೈ ಒಣಗಿತ್ತು. ಜುಟ್ಟು ಇರಲಿಲ್ಲ. ಬಾಲದಲ್ಲಿ ಬಿಳಿ ಅಂಚು ಕಾಣಲಿಲ್ಲ. ಕಾಲಿನ ಬಣ್ಣ ನೋಡಲಿಲ್ಲ. ಜೊತೆಯಲ್ಲಿದ್ದವರು ನೆಲಗುಬ್ಬಿ ಎಂದರು.’ ಇದು ಬರೀ ಮಾದರಿ, ನಿಮ್ಮದನ್ನು ನೀವು ಕಂಡ ಹಾಗೆ ಬರೆಯಿರಿ. ಕೊನೆಯ ವಾಕ್ಯವನ್ನೂ ಬಿಡಬೇಡಿ. ಭಾವ ಒಪ್ಪಲಿಲ್ಲ ಅನ್ನುವುದು ದಾಖಲೆಯನ್ನು ದುರ್ಬಲ ಮಾಡುವುದಿಲ್ಲ, ನೀವು ನೆಲಗುಬ್ಬಿಯ ಬಗ್ಗೆ ಯೋಚಿಸಿ ಆಮೇಲೆ ಬಿಟ್ಟಿದ್ದೀರಿ ಅಂತ ತೋರಿಸುತ್ತದೆ. ಇನ್ನೊಂದು ವಿಷಯ. ಪುಸ್ತಕ ನೋಡಿದ ಮೇಲೆ ನೆನಪು ಪುಸ್ತಕದ ಚಿತ್ರಕ್ಕೆ ಹೊಂದಿಕೊಳ್ಳುತ್ತದೆ. ನೀವು ಈಗಾಗಲೇ ನೋಡಿದ್ದೀರಿ, ಇರಲಿ. ‘ಈ ವಿವರ ಪುಸ್ತಕ ನೋಡಿದ ಮೇಲೆ ಬರೆದದ್ದು’ ಅಂತ ಸೇರಿಸಿಬಿಡಿ. ಮುಂದಿನ ಸಲ ಮೊದಲು ಬರೆದು ಆಮೇಲೆ ಪುಸ್ತಕ ತೆರೆಯಿರಿ. ಭಾವನ ಹತ್ತಿರವೂ ಬೇರೆಯಾಗಿ ಬರೆಸಿದರೆ ಇನ್ನೂ ಒಳ್ಳೆಯದು.

ಇದನ್ನೆಲ್ಲ ಎಲ್ಲಿ ಹಾಕುವುದು? ನನ್ನ ಸಲಹೆ ಇ-ಬರ್ಡ್. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ನಡೆಸುವ ಜಾಲತಾಣ ಅದು, ನಮ್ಮಲ್ಲಿ ಬರ್ಡ್ ಕೌಂಟ್ ಇಂಡಿಯಾ ಅದರ ಕೆಲಸ ನೋಡಿಕೊಳ್ಳುತ್ತದೆ. ಅಲ್ಲಿ ಆ ದಿನದ ಪಟ್ಟಿ ಮಾಡಿ, ಇದೊಂದು ಹಕ್ಕಿಯನ್ನಷ್ಟೇ ಹಾಕದೆ ಅಲ್ಲಿ ಕಂಡ ಕಾಜಾಣ, ಪಿಕಳಾರ, ಎಲ್ಲವನ್ನೂ ಸೇರಿಸಿ. ಅಪರೂಪದ ಹೆಸರು ಹಾಕಿದ ಕೂಡಲೇ ಅದು ವಿವರ ಕೇಳುತ್ತದೆ. ಹೆದರಬೇಡಿ, ತಪ್ಪು ಮಾಡಿದ್ದೀರಿ ಅಂತ ಅರ್ಥ ಅಲ್ಲ. ಆ ಜಿಲ್ಲೆಯಲ್ಲಿ ಆ ತಿಂಗಳು ಸಾಮಾನ್ಯವಾಗಿ ಕಾಣದ ಹಕ್ಕಿಗೆಲ್ಲ ಕೇಳುತ್ತದೆ. ಬರೆದ ವಿವರವನ್ನು ಅಲ್ಲಿ ಹಾಕಿ, ಫೋಟೋ, ಧ್ವನಿ ಸೇರಿಸಿ. ಅವು ಮೆಕಾಲೆ ಲೈಬ್ರರಿ ಅನ್ನುವ ಸಂಗ್ರಹಕ್ಕೆ ಹೋಗುತ್ತವೆ, ನಿಮ್ಮ ಹೆಸರಿನಲ್ಲೇ ಉಳಿಯುತ್ತವೆ.

ಜಾಗದ ಗುರುತು ಹಾಕುವಾಗ ಮಾತ್ರ ಹುಷಾರು. ಕೊಡಚಾದ್ರಿ ಶಿವಮೊಗ್ಗ ಜಿಲ್ಲೆಯ ಅಂಚಿನಲ್ಲಿದೆ, ಆ ಕಡೆ ಇಳಿದರೆ ಕೊಲ್ಲೂರು, ಉಡುಪಿ ಜಿಲ್ಲೆ. ನಕ್ಷೆಯಲ್ಲಿ ಬೆರಳು ಸ್ವಲ್ಪ ಜಾರಿದರೂ ನಿಮ್ಮ ಹಕ್ಕಿ ಉಡುಪಿಯ ಪಟ್ಟಿಗೆ ಹೋಗುತ್ತದೆ. ‘ಕೊಡಚಾದ್ರಿ’ ಅಂತ ಇಡೀ ಬೆಟ್ಟಕ್ಕೆ ಒಂದು ಚುಕ್ಕಿ ಇಡುವುದಕ್ಕಿಂತ ನೀವು ನಿಂತ ಜಾಗಕ್ಕೇ ಇಡಿ. ಮೇಲೆ ನೆಟ್‌ವರ್ಕ್ ಸಿಗದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ. ಆ ದಿನದ ಫೋಟೋಗಳಲ್ಲಿ ಜಾಗದ ಮಾಹಿತಿ ಉಳಿದಿದೆಯಾ ನೋಡಿ.

ಆಮೇಲೆ ಪರಿಶೀಲಕರಿಂದ ಪತ್ರ ಬರಬಹುದು. ಅವರು ಸಂಬಳಕ್ಕೆ ಕೆಲಸ ಮಾಡುವವರಲ್ಲ, ನಮ್ಮ ನಿಮ್ಮಂತೆ ಹಕ್ಕಿ ನೋಡುವವರು. ಪ್ರಶ್ನೆ ಕೇಳಿದರೆ ಕೋಪ ಮಾಡಿಕೊಳ್ಳಬೇಡಿ. ಕೊನೆಗೂ ಒಪ್ಪಲಿಲ್ಲ ಅಂದರೆ ನಿಮ್ಮ ಪಟ್ಟಿಯಿಂದ ಹಕ್ಕಿ ಮಾಯವಾಗುವುದಿಲ್ಲ, ಸಾರ್ವಜನಿಕ ನಕ್ಷೆಯಲ್ಲಿ ಬರುವುದಿಲ್ಲ ಅಷ್ಟೆ. ನಾಳೆ ಅದೇ ಗುಡ್ಡದಲ್ಲಿ ಇನ್ನೊಬ್ಬರಿಗೆ ಸ್ಪಷ್ಟ ಸಾಕ್ಷಿ ಸಿಕ್ಕರೆ ನಿಮ್ಮದನ್ನು ಮತ್ತೆ ತೆಗೆದು ನೋಡಬಹುದು. ನಿಮಗೇ ಧೈರ್ಯ ಸಾಲದಿದ್ದರೆ ‘ಜಾತಿ ತಿಳಿಯದ ಸಣ್ಣ ಹಕ್ಕಿ’ ಅಂತ ಹಾಕಲೂ ಅಲ್ಲಿ ಜಾಗ ಇದೆ. ಹಾಗೆ ಹಾಕಿ, ವಿವರ ಮಾತ್ರ ಪೂರ್ತಿ ಬರೆಯಿರಿ.

ಮತ್ತೆ ಹೋಗುವ ಯೋಚನೆ ಇದ್ದರೆ ಸೆಪ್ಟೆಂಬರ್ ಒಳಗೆ ಹೋಗಿ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದ ಭಾಗ. ಮಳೆಗಾಲದಲ್ಲಿ ದಾರಿ ಮುಚ್ಚಿರುವುದೂ ಉಂಟು, ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹತ್ತಿ. ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ಇದರ ಗೂಡು ಹುಲ್ಲಿನದೇ ಉಂಡೆ, ನೆಲಕ್ಕೆ ತಾಗಿದಂತೆ ಬುಡದಲ್ಲಿ ಇರುತ್ತದೆ. ಕಾಲಿಟ್ಟರೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ಹಾಡು ಹಾಕಿ ಕರೆಯುವ ಚಾಳಿ ಈಗ ಜಾಸ್ತಿಯಾಗಿದೆ. ಮರಿ ಮಾಡುವ ಕಾಲದಲ್ಲಿ ಗಂಡು ಹಕ್ಕಿ ಅದನ್ನು ಎದುರಾಳಿ ಅಂತ ತಿಳಿದು, ಮಳೆ ಬಿಟ್ಟ ಆ ಸ್ವಲ್ಪ ಹೊತ್ತನ್ನೂ ಜಗಳದಲ್ಲೇ ಕಳೆಯುತ್ತದೆ. ಅದು ತಾನಾಗಿ ಹಾಡುವ ಹಕ್ಕಿ, ಕಾದರೆ ಸಾಕು. ಗೂಡು ಕಂಡರೆ ಫೋಟೋ ಕೂಡ ಬೇಡ, ಹಿಂದೆ ಬನ್ನಿ. ವನ್ಯಜೀವಿ ಕಾಯ್ದೆಯಲ್ಲಿ, ಅಂದರೆ 1972ರದ್ದು, ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ.

ಧ್ವನಿ ತೆಗೆಯುವಾಗ ಗಾಳಿಗೆ ಬೆನ್ನು ಕೊಟ್ಟು ನಿಂತು, ಫೋನನ್ನು ಮೈಯ ಮರೆಯಲ್ಲಿ ಹಿಡಿಯಿರಿ. ಕೊಡೆ ಮಡಚಿಬಿಡಿ. ಕೊಡೆಯ ಮೇಲೆ ಬೀಳುವ ಹನಿಯ ಸದ್ದು ಎಲ್ಲಾ ಸ್ವರದಲ್ಲೂ ಹರಡುತ್ತದೆ, ಗಾಳಿಗಿಂತ ಅದೇ ಕಷ್ಟ. ಕಂಬಳಿ ಕೊಪ್ಪೆ ಇದ್ದರೆ ಸದ್ದೇ ಇಲ್ಲ. ಹಕ್ಕಿ ಹಾಡು ಮುಗಿಸಿದ ಮೇಲೆ ನೀವೇ ಬಾಯಲ್ಲಿ ದಿನ, ಸಮಯ, ಜಾಗ ಹೇಳಿ ನಿಲ್ಲಿಸಿ.

ಹೋದಾಗ ಹಕ್ಕಿಯ ಜೊತೆ ಹುಲ್ಲನ್ನೂ ಬರೆದುಕೊಳ್ಳಿ. ಎಷ್ಟೆತ್ತರ ಇತ್ತು, ನಡುವೆ ಈಚಲು ಮಟ್ಟಿ ಇತ್ತಾ, ದನ ಮೇಯುತ್ತಿದ್ದವಾ, ಬೆಂಕಿ ಬಿದ್ದ ಗುರುತು ಇತ್ತಾ. ನಿಮ್ಮ ಊರಿನ ಸುತ್ತ ಕರಡ, ಅಂದರೆ ಒಣಹುಲ್ಲು, ಕೊಯ್ಯುವ ಬ್ಯಾಣಗಳು, ಅಂದರೆ ಹುಲ್ಲುಗಾವಲುಗಳು, ಇನ್ನೂ ಉಳಿದಿದ್ದರೆ ಮಳೆಗಾಲದಲ್ಲಿ ಅವುಗಳನ್ನೂ ಒಮ್ಮೆ ಕೇಳಿಸಿಕೊಂಡು ಬನ್ನಿ. ಖಾಲಿ ಜಾಗ ಅಂತ ಎಷ್ಟೋ ಬ್ಯಾಣಗಳಿಗೆ ಅಕೇಶಿಯಾ ಬಂದು ಕೂತಿದೆ, ಅದರ ಕೆಳಗೆ ಹುಲ್ಲಿನ ಹಕ್ಕಿಗೆ ಏನೂ ಇಲ್ಲ. ಕರಡ ಕೊಯ್ಯುವುದು ಮಳೆ ಮುಗಿದ ಮೇಲೆ, ಅಷ್ಟರಲ್ಲಿ ಮರಿಗಳು ಹಾರಿರುತ್ತವೆ. ಹಾಗಾಗಿ ಕೊಯ್ಯುವ ಬ್ಯಾಣ ಅಂತ ಕೈಬಿಡಬೇಡಿ. ಕಾಣದಿದ್ದರೂ ‘ಹೋಗಿದ್ದೆ, ಇರಲಿಲ್ಲ’ ಅಂತ ಪಟ್ಟಿ ಹಾಕಿ.

ವಿಡಿಯೋ ನನಗೂ ಕಳಿಸಿ, ನೋಡುತ್ತೇನೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ವಿಡಿಯೋ ಅಂತ ಹಾಕದೆ ಡಾಕ್ಯುಮೆಂಟ್ ಅಂತ ಹಾಕಿ. ಇಲ್ಲದಿದ್ದರೆ ಅದು ಫೈಲನ್ನು ಕುಗ್ಗಿಸಿ ಮೇಲಿನ ಸ್ವರವನ್ನೇ ಕತ್ತರಿಸುತ್ತದೆ, ನಮಗೆ ಬೇಕಾಗಿರುವುದು ಅದೇ.